ಬರಿಹೊಟ್ಟೆಯ ಸಿಹಿ

ಏಳನೆಯ ಗೆರೆ ಕುಸಿದದ್ದು ಗುರುವಾರ ಮಧ್ಯಾಹ್ನ ಎರಡೂವರೆಗೆ. ಹಿರೇಹೊಳಿಯ ಆರೋಗ್ಯ ನಿಗಾ ಕೊಠಡಿಯಲ್ಲಿ ಮಹಾನಂದಾ ಕಡಪಟ್ಟಿ ಆಗಷ್ಟೇ ಬುತ್ತಿ ಬಿಚ್ಚಿದ್ದಳು. ರೊಟ್ಟಿ ಮುರಿಯಲು ಹೋದ ಕೈ ಹಾಗೇ ನಿಂತಿತು. ಎದುರಿನ ಪರದೆಯಲ್ಲಿ ಗುರುಬಸಪ್ಪ ಎಂಬ ಮೂವತ್ತೆಂಟು ವರ್ಷದ ನೇಕಾರನ ರಕ್ತದ ಸಕ್ಕರೆ ತೊಂಬತ್ತರಿಂದ ಎಪ್ಪತ್ತಕ್ಕೆ, ಎಪ್ಪತ್ತರಿಂದ ಐವತ್ತಕ್ಕೆ, ಐವತ್ತರಿಂದ ಮೂವತ್ತಕ್ಕೆ ಇಳಿದು, ಆಮೇಲೆ ಇಳಿಯಲು ಜಾಗವೇ ಇಲ್ಲವೆಂಬಂತೆ ನೆಟ್ಟಗಾಯಿತು. ಆಸ್ಪತ್ರೆಯ ಗಾಡಿ ಅವನಿದ್ದ ಮನೆ ಮುಟ್ಟುವ ಹೊತ್ತಿಗೆ ಮನೆಯೊಳಗಿನಿಂದ ಅಳು ಕೇಳುತ್ತಿತ್ತು.

ತಾಲೂಕಿನ ನಲವತ್ತು ಸಾವಿರ ಮುಂಗೈಗಳಿಗೆ ಸರ್ಕಾರ ಒಂದೊಂದು ಪಟ್ಟಿ ಕಟ್ಟಿಸಿತ್ತು. ಚರ್ಮದ ಮೇಲಿಂದಲೇ ಅದು ರಕ್ತದ ಸಕ್ಕರೆ, ನಾಡಿ, ಜ್ವರ ಅಳೆದು ನಿಗಾ ಕೊಠಡಿಗೆ ಕಳಿಸುತ್ತದೆ. ಸಕ್ಕರೆ ಐವತ್ತರ ಕೆಳಗಿಳಿದರೆ ಗಾಡಿ ತಾನಾಗಿ ಹೊರಡುತ್ತದೆ. ಬೇಕೆಂದರೆ ಕೊಠಡಿಯಿಂದ ಪಟ್ಟಿಯ ಮೂಲಕವೇ ಮಾತಾಡಬಹುದು. ಇಷ್ಟೆಲ್ಲ ಇದ್ದೂ ಎರಡು ತಿಂಗಳಲ್ಲಿ ಏಳು ಜನ ಹೋಗಿದ್ದರು. ಏಳರಲ್ಲಿ ಒಬ್ಬರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ, ಯಾರೂ ಯಾವ ಮಾತ್ರೆಯನ್ನೂ ನುಂಗುತ್ತಿರಲಿಲ್ಲ.

ಬುತ್ತಿ ಮುಚ್ಚಿಟ್ಟು ಅವಳು ಏಳು ಗೆರೆಗಳನ್ನು ಒಂದರ ಕೆಳಗೊಂದು ಜೋಡಿಸಿದಳು. ಗೆರೆಗಳು ಒಂದೇ ಸಮನೆ ಇಳಿದಿರಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದವು. ಅವಳು ಗುರುಬಸಪ್ಪ ಹೋಗಿದ್ದ ಮನೆಗೆ ಫೋನು ಹಚ್ಚಿದಳು. ಅವನ ಅಕ್ಕ ಬಿಕ್ಕುತ್ತ ಹೇಳಿದಳು: "ಬಿಸಲಾಗ ನಡಕೋತ ಬಂದಿದ್ದ್ರೀ. ಬಂದ ಕೂಡ್ಲೆ ಬೆಲ್ಲದ ನೀರ ಕೊಟ್ಟೆ. ಕಣ್ಣ ಕತ್ಲಿ ಬಂತು ಅಂದ. ಮತ್ತೊಂದ ಲೋಟ ಕೊಟ್ಟೆ. ಆಮ್ಯಾಲ ಮತ್ತೊಂದು."

ಮೂರು ಲೋಟ, ಮೂರು ಮೆಟ್ಟಿಲು. ಪ್ರತಿ ಮೆಟ್ಟಿಲೂ ಲೋಟ ಕೊಟ್ಟ ಏಳೆಂಟು ನಿಮಿಷಕ್ಕೆ ಬಿದ್ದಿತ್ತು.

ಆ ಬೆಲ್ಲದಲ್ಲಿ ಬೆಲ್ಲವೆಂಬುದು ಇರಲಿಲ್ಲ. ಹದಿನಾರು ವರ್ಷದ ಹಿಂದೆ ಸಕ್ಕರೆ ನಿಯಂತ್ರಣ ಕಾಯ್ದೆ ಬಂದಾಗ ಗಾಣಗಳು ನಿಂತವು, ಅಂಗಡಿಗಳಿಂದ ಸಕ್ಕರೆ ಮಾಯವಾಯಿತು. ಅದರ ಜಾಗಕ್ಕೆ ಸವಿಕಣ ಬಂತು. ಸಾಸಿವೆಯಷ್ಟು ಪುಡಿ ಒಂದು ಕೊಡ ನೀರಿಗೆ ಸಾಕು. ಅದನ್ನೇ ನಾರಿನ ಹಿಟ್ಟಿಗೆ ಬೆರೆಸಿ, ಕಂದು ಬಣ್ಣ ಕೊಟ್ಟು, ಅಚ್ಚು ಹಾಕಿ 'ಬೆಲ್ಲ' ಎಂದು ಮಾರುತ್ತಾರೆ. ಸವಿಕಣದಿಂದ ಒಳ್ಳೆಯದೇ ಆಗಲಿಲ್ಲವೆಂದರೆ ಅನ್ಯಾಯವಾದೀತು. ಮನೆಗೊಬ್ಬರು ಸಕ್ಕರೆ ಕಾಯಿಲೆಯಿಂದ ಕಾಲು ಕತ್ತರಿಸಿಕೊಳ್ಳುತ್ತಿದ್ದ ಕಾಲ ಅದು. ಸವಿಕಣ ಬಂದ ಹತ್ತು ವರ್ಷಕ್ಕೆ ಅಂಥವರ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಕಾಯ್ದೆ ಬಂದ ವರ್ಷ ಮಹಾನಂದಾಳೂ ಮೆರವಣಿಗೆಯಲ್ಲಿ ಕೂಗಿಕೊಂಡು ಹೋಗಿದ್ದಳು.

ಆದರೆ ಹೋದ ದೀಪಾವಳಿಗೆ ಅದನ್ನು ತಯಾರಿಸುವ ಕಂಪನಿ ಹೊಸ ಬಗೆಯ ಸವಿಕಣ ಬಿಟ್ಟಿತು. ನಾಲಿಗೆಯ ಮೇಲೆ ಸಿಹಿಯನ್ನು ಗುರುತಿಸುವ ಜೀವಕೋಶಗಳು ಇರುವ ಹಾಗೆ ಕರುಳಿನಲ್ಲಿಯೂ ಇವೆ. ಹೊಸ ಸವಿಕಣ ಅವಕ್ಕೆ ಅಂಟಿದರೆ ಬೇಗ ಬಿಡುವುದಿಲ್ಲ. ಕರುಳು ಸಕ್ಕರೆ ಬಂತೆಂದು ಸುದ್ದಿ ಕಳಿಸುತ್ತದೆ, ಮೇದೋಜೀರಕ ಗ್ರಂಥಿ ಅದನ್ನು ನಂಬಿ ಇನ್ಸುಲಿನ್ ಸುರಿಸುತ್ತದೆ. ಬರಬೇಕಾದ ಸಕ್ಕರೆ ಮಾತ್ರ ಬರುವುದಿಲ್ಲ. ಊಟದ ಜೊತೆ ಕುಡಿದರೆ ಅಪಾಯವಿಲ್ಲ; ಅನ್ನ ರೊಟ್ಟಿಯಲ್ಲಿ ಮೈಗೆ ಬೇಕಾದಷ್ಟು ಸಿಗುತ್ತದೆ. ಕಂಪನಿಯವರ ಪರೀಕ್ಷೆಗಳೆಲ್ಲ ಹಾಗೇ ನಡೆದಿದ್ದವು. ತಂಪು ಕೋಣೆಯಲ್ಲಿ ಕೂರಿಸಿ, ತಿಂಡಿ ಕೊಟ್ಟು, ಜೊತೆಗೆ ಸಿಹಿ ಕುಡಿಸಿ ರಕ್ತ ತೆಗೆದಿದ್ದರು. ಏಪ್ರಿಲ್ ಬಿಸಿಲಿನಲ್ಲಿ ಎರಡು ಮೈಲಿ ನಡೆದು, ಹಸಿದು ಬಂದವನ ಕೈಗೆ ಮೊದಲು ಬೆಲ್ಲದ ನೀರು ಕೊಡುವ ಜನ ಈ ಭೂಮಿಯ ಮೇಲೆ ಇದ್ದಾರೆಂದು ಆ ಕೋಣೆಯಲ್ಲಿದ್ದ ಯಾರಿಗೂ ಹೊಳೆದಿರಲಿಲ್ಲ. ಅಂಥವನು ತಲೆ ತಿರುಗಿ ಕುಳಿತರೆ ಅಕ್ಕರೆಯಿಂದ ಇನ್ನೊಂದು ಲೋಟ ಕೊಡುತ್ತಾರೆಂಬುದಂತೂ ದೂರದ ಮಾತು.

ಮಹಾನಂದಾಳ ಹತ್ತಿರ ಒಂದು ಗುಂಡಿಯಿತ್ತು. ಅದನ್ನು ಒತ್ತಿದರೆ ನಲವತ್ತು ಸಾವಿರ ಪಟ್ಟಿಗಳೂ ಒಮ್ಮೆಲೇ ಎಚ್ಚರಿಕೆ ಓದಿ ಹೇಳುತ್ತವೆ. ಅವಳು ಒತ್ತಲಿಲ್ಲ.

ಅದಕ್ಕೊಂದು ಹಳೆಯ ಕಾರಣವಿತ್ತು. ಆರು ವರ್ಷದ ಹಿಂದೆ ಹಾಲಿನಲ್ಲಿ ವಿಷವಿದೆಯೆಂದು ಇದೇ ಗುಂಡಿ ಒತ್ತಿದವಳು ಅವಳೇ. ಹನ್ನೆರಡು ದಿನ ಊರಿನ ಹಾಲು ಗಟಾರ ಸೇರಿತು. ಹದಿಮೂರನೆಯ ದಿನ ಕೆಟ್ಟಿದ್ದು ಹಾಲಲ್ಲ, ಅಳೆಯುವ ಯಂತ್ರ ಎಂದು ತಿಳಿಯಿತು. ಅಷ್ಟರಲ್ಲಿ ಹಾಲಿನ ಸಂಘ ಮುಚ್ಚಿತ್ತು, ಹೆಂಗಸರು ಎಮ್ಮೆಗಳನ್ನು ಸಂತೆಗೆ ಹೊಡೆದಿದ್ದರು. ಇವತ್ತಿಗೂ ಕೆಲವರು ಅವಳನ್ನು ಕಂಡರೆ ಮುಖ ತಿರುಗಿಸುತ್ತಾರೆ. ಮತ್ತೊಮ್ಮೆ ತಪ್ಪಿದರೆ ತನ್ನ ಮಾತನ್ನು ನಾಯಿಯೂ ಮೂಸುವುದಿಲ್ಲ ಎಂಬ ಭಯ ಅವಳನ್ನು ಹಿಡಿದು ನಿಲ್ಲಿಸಿತು.

ಮನೆಗೆ ಬಂದಾಗ ಅತ್ತೆ ಶಿವಲೀಲವ್ವ ಪಡಸಾಲೆಯಲ್ಲಿ ಯಾರಿಗೋ ಬೆಲ್ಲದ ತಟ್ಟೆ ಹಿಡಿದಿದ್ದಳು. ಬಂದವರು ಹೋಗುವ ತನಕ ಮಹಾನಂದಾ ತುಟಿ ಕಚ್ಚಿಕೊಂಡು ಕಾದಳು. ಆಮೇಲೆ ತಟ್ಟೆಯನ್ನು ಎತ್ತಿ ಕಸದ ಡಬ್ಬಿಗೆ ಸುರಿದಳು.

"ಅಯ್ಯ ಶಿವನ! ಹುಚ್ಚು ಹಿಡದೈತೇನು ನಿನಗ?"

"ಅತ್ತಿ, ಇದು ಸಕ್ರಿ ಅಲ್ರಿ, ಸವಿಕಣ. ಹೊಟ್ಟಿ ಖಾಲಿ ಇದ್ದಾಗ ಕುಡದ್ರ ರಕ್ತದಾಗಿನ ಸಕ್ರಿ ಪೂರಾ ಇಳದುಬಿಡ್ತೈತಿ."

"ಸಿಹಿ ತಿಂದ್ರ ಸಕ್ರಿ ಏರ್ತೈತಿ ಅಂತ ಇಷ್ಟ ವರ್ಷ ಹೆದರಿಸಿದ್ರಿ. ಈಗ ಇಳೀತೈತಿ ಅಂತೀರಿ. ನಿಮ್ಮ ವಿಜ್ಞಾನಕ್ಕ ಒಂದ ಬಾಯಿ ಐತೋ ಎರಡೋ?" ಎಂದು ಮುದುಕಿ ನಕ್ಕಳು. ಸೊಸೆಯ ಮುಖ ನೋಡಿ ನಗು ನಿಲ್ಲಿಸಿದಳು. "ಬಿಸಲಾಗ ಬಂದವ್ರಿಗೆ ಬರೇ ನೀರ ಕೊಡೂದು ಹೆಂಗವಾ?"

"ಬಾಳೆಹಣ್ಣ ಕೊಡ್ರಿ. ಮಜ್ಜಿಗಿ ಅನ್ನ ಕೊಡ್ರಿ. ಇದೊಂದ ಬ್ಯಾಡ."

ಹನ್ನೊಂದು ವರ್ಷದ ಮಗಳು ನೀಲಾ ಬಾಗಿಲಿಗೊರಗಿ ಎಲ್ಲ ಕೇಳುತ್ತಿದ್ದಳು. ಮಹಾನಂದಾ ಅವಳ ಕಡೆ ತಿರುಗಿದಳು. ಹುಟ್ಟಿದಾಗಿನಿಂದ, ಹಣ್ಣು ಬಿಟ್ಟರೆ, ಸವಿಕಣದ ಸಿಹಿಯನ್ನೇ ಉಂಡ ಮಕ್ಕಳ ಮೈ, ನಾಲಿಗೆಗೆ ಸಿಹಿ ತಾಗಿದ ಕೂಡಲೇ ಇನ್ಸುಲಿನ್ ಸುರಿಸುವುದನ್ನು ರೂಢಿ ಮಾಡಿಕೊಂಡಿರುತ್ತದೆ. ದೊಡ್ಡವರಿಗೆ ಮೂರು ಲೋಟ ಬೇಕಾದಲ್ಲಿ ಮಕ್ಕಳಿಗೆ ಒಂದೂವರೆ ಸಾಕು. ಅವಳು ಮಗಳನ್ನು ಹತ್ತಿರ ಎಳೆದುಕೊಂಡಳು.

"ನೀಲಾ, ಯಾರ ಮನ್ಯಾಗ ಬೆಲ್ಲದ ನೀರ ಕೊಟ್ರೂ ಕುಡೀಬ್ಯಾಡ. ಹಸದಿದ್ರ ಬಾಳೆಹಣ್ಣ ಕೇಳಿ ತಿನ್ನು. ನನ್ನ ಮ್ಯಾಲ ಆಣಿ ಮಾಡು."

"ಇಂಚರಾಗ ಹೇಳ್ಲೇನವಾ?"

ಇಂಚರಾ ಎರಡು ಮನೆಯಾಚೆ ಇರುವ ಕಸ್ತೂರಿಯ ಮಗಳು. ನೀಲಾಳಿಗೂ ಅವಳಿಗೂ ಊಟ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಒಟ್ಟಿಗೇ. ಕಸ್ತೂರಿ ಈಗ ಮಗ್ಗ ನಡೆಸುತ್ತಾಳೆ. ಹಾಲಿನ ಗದ್ದಲದಲ್ಲಿ ಎರಡು ಎಮ್ಮೆ ಮಾರಿದವಳು ಅವಳು. ಆ ಬಗ್ಗೆ ಮಹಾನಂದಾಳಿಗೆ ಒಂದು ದಿನವೂ ಒಂದು ಮಾತು ಆಡಿದವಳಲ್ಲ.

"ಈಗ ಯಾರಿಗೂ ಹೇಳಬ್ಯಾಡ. ಇನ್ನಾ ಖಾತ್ರಿ ಆಗಿಲ್ಲ," ಎಂದಳು ಮಹಾನಂದಾ. "ಮತ್ತ ಹಾಲಿನಂಗ ಆಗಬಾರದು."

ಶಿವಲೀಲವ್ವ ಸೊಸೆಯನ್ನೇ ದಿಟ್ಟಿಸಿದಳು. "ಖಾತ್ರಿ ಆಗಿಲ್ಲ ಅಂದ್ರ ನನ್ನ ತಟ್ಟಿ ಯಾಕ ಚೆಲ್ಲಿದಿ? ನಮ್ಮ ಮನಿಗೆ ಒಂದು, ಓಣಿಗೆ ಒಂದೇನು?"

"ಎರಡ ದಿನ ತಡೀರಿ ಅತ್ತಿ," ಎಂದು ಮಹಾನಂದಾ ಒಳಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಅವಳು ನಿಗಾ ಕೊಠಡಿಯ ಮುಖ್ಯಸ್ಥ ಡಾಕ್ಟರ್ ವಿರೂಪಾಕ್ಷಿ ಅಂಗಡಿಯವರ ಮೇಜಿನ ಮೇಲೆ ಏಳು ಗೆರೆಗಳನ್ನು ಹರವಿದಳು. ಡಾಕ್ಟರ್ ಅಂಗಡಿಯವರು ಕೆಟ್ಟ ಮನುಷ್ಯರಲ್ಲ. ಗೆರೆಗಳನ್ನು ಒಂದು ತಾಸು ನೋಡಿದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ನೀವ ಹೇಳೂದು ಖರೆ ಅನ್ನಿಸ್ತದ ಮೇಡಂ. ಆದ್ರ ರಾಜಧಾನಿಯ ಪರಿಶೀಲನಾ ಸಮಿತಿ ಹತ್ತು ಪ್ರಕರಣ ಇಲ್ದ ಫೈಲು ತಗೊಳ್ಳೂದಿಲ್ಲ. ಏಳಕ್ಕ ಕಾಕತಾಳೀಯ ಅಂತಾರ. ನಿಮ್ಮ ಹಾಲಿನ ವಿಷಯಾನೂ ಎತ್ತತಾರ."

"ಅಂದ್ರ ಇನ್ನಾ ಮೂರು ಮಂದಿ ಸಾಯಬೇಕೇನ್ರಿ ಸರ್ರ?"

"ಸಾಯಬೇಕು ಅಂತ ನಾ ಎಲ್ಲಿ ಅಂದೆ? ಬಿದ್ದು ಬದುಕಿದ್ರೂ ಪ್ರಕರಣನ. ನಾಳೆ ಹನ್ನೊಂದೂವರಿಗೆ ಕಂಪನಿಯ ವಿಜ್ಞಾನಿ ಪರದೆ ಮ್ಯಾಲ ಬರ್ತಾರ. ಅವರ ಕೂಡ ಮಾತಾಡಿ, ಆಮ್ಯಾಲ ನೋಡೂಣು."

ಅಂದು ಇಡೀ ದಿನ ಮಹಾನಂದಾ ಪರದೆಯ ಮುಂದೆ ಕುಳಿತಿದ್ದಳು. ಮಧ್ಯಾಹ್ನದ ಹೊತ್ತಿಗೆ ಒಬ್ಬ ಮುದುಕನ ಗೆರೆ ಐವತ್ತೈದಕ್ಕೆ ಇಳಿದು ಮತ್ತೆ ಏರಿತು. ಊಟಕ್ಕೆ ಕುಳಿತನೆಂದು ಕಾಣುತ್ತದೆ. ಆಗ ತನ್ನ ಮನಸ್ಸಿನಲ್ಲಿ ಒಂದು ಕ್ಷಣ ಸುಳಿದ ನಿರಾಸೆಯನ್ನು ಅವಳು ಕಂಡುಕೊಂಡಳು. ಹತ್ತು ಎಂಬ ಲೆಕ್ಕ ಅವಳನ್ನೂ ಸಮಿತಿಯವರಲ್ಲಿ ಒಬ್ಬಳನ್ನಾಗಿ ಮಾಡಿತ್ತು.

ಶನಿವಾರ ಬೆಳಗಿನ ಶಾಲೆ. ಮಕ್ಕಳು ಏಳೂವರೆಗೇ ಹಾಲು ಕುಡಿದು ಓಡುತ್ತಾರೆ, ಹನ್ನೊಂದೂವರೆಗೆ ಬಿಟ್ಟರೆ ಸುಡುವ ಬಿಸಿಲಿನಲ್ಲಿ ನಡೆದು ಬರುತ್ತಾರೆ. ಅಂದು ಶಾಲೆ ಬಿಟ್ಟ ಹೊತ್ತಿಗೆ ಸರಿಯಾಗಿ ಮಹಾನಂದಾ ಡಾಕ್ಟರ್ ಅಂಗಡಿಯವರ ಕೋಣೆಯಲ್ಲಿ ಕಂಪನಿಯ ವಿಜ್ಞಾನಿಯ ಎದುರು ಕುಳಿತಿದ್ದಳು. ಆತ ಬಹಳ ನಯವಾಗಿ ಮಾತಾಡಿದ. ನಾಲ್ಕು ಸಾವಿರ ಜನರ ಮೇಲೆ ಪರೀಕ್ಷೆಯಾಗಿದೆ ಎಂದ. ಬರಿಹೊಟ್ಟೆಯಲ್ಲಿ ಬರೀ ಸಿಹಿ ನೀರನ್ನು ಯಾರಾದರೂ ಯಾಕೆ ಕುಡಿಯುತ್ತಾರೆ, ಇದು ಸ್ವಾಭಾವಿಕ ಬಳಕೆಯಲ್ಲ ಎಂದ.

"ನಮ್ಮಲ್ಲಿ ಅದೇ ಸ್ವಾಭಾವಿಕ," ಎಂದಳು ಮಹಾನಂದಾ. "ನೀವು ನಮ್ಮೂರಿಗೆ ಬಂದರೆ ನಿಮಗೂ ಅದನ್ನೇ ಕೊಡುತ್ತಾರೆ."

ಆತ ನಕ್ಕು, ಹಾಗಾದರೆ ಆ ಪದ್ಧತಿಯ ಬಗ್ಗೆ ಒಂದು ಸಮೀಕ್ಷೆ ಮಾಡೋಣ ಎಂದ. ಆರು ತಿಂಗಳು ಸಾಕೋ ವರ್ಷ ಬೇಕೋ ಎಂದು ಅಂಗಡಿಯವರೂ ಅವನೂ ಚರ್ಚಿಸುತ್ತಿದ್ದಾಗ ಅವಳಿಗೆ ತಡೆಯಲಾಗಲಿಲ್ಲ. ಕುರ್ಚಿ ದೂಡಿ ಎದ್ದು ತನ್ನ ಪರದೆಯ ಮುಂದೆ ಬಂದಳು. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಗಂಟೆ ಎಂಟು ನಿಮಿಷ. ಪರದೆಯಲ್ಲಿ ಒಂದು ಹೆಸರು ಕೆಂಪಗೆ ಮಿನುಗುತ್ತಿತ್ತು. ಇಂಚರಾ, ಹನ್ನೊಂದು ವರ್ಷ, ನೇಕಾರ ಓಣಿ. ನಲವತ್ತೊಂದು. ಗಾಡಿ ಹೊರಟಾಗಿತ್ತು, ಮುಟ್ಟಲು ಇನ್ನೂ ಹದಿಮೂರು ನಿಮಿಷ.

ಅವಳು ಪಟ್ಟಿಗೆ ಮಾತಿನ ಸಂಪರ್ಕ ಕೊಟ್ಟಳು. ಹೆಂಗಸರ ಗದ್ದಲವೂ ಯಾರೋ ಗಾಳಿ ಬೀಸುವ ಸದ್ದೂ ಕೇಳಿತು.

"ಕಸ್ತೂರಿ! ನಾನು ಮಹಾನಂದಾ. ಏನ ಕೊಟ್ಟೀದಿ ಕೂಸಿಗೆ?"

"ಅಕ್ಕಾರ, ನೀವ ಬಂದ್ರ್ಯಾ, ಪುಣ್ಯಾ ಬಂತು. ಬಿಸಲಾಗ ಬಂದಾಳ್ರಿ, ಕಣ್ಣ ಕತ್ಲಿ ಅಂದ್ಲು. ಬೆಲ್ಲದ ನೀರ ಕೊಟ್ಟೆ. ಕುಡದ ಮ್ಯಾಲ ಪೂರಾ ಕುಸದ್ಲು. ಮತ್ತೊಂದ ಲೋಟ ಕುಡಿಸೀನಿ. ಈಗ ಚಮಚೇಲೆ ಹಾಕಾಕತ್ತೀನಿ, ನುಂಗವಲ್ಲಳು..."

"ಹಾಕಬ್ಯಾಡ! ಒಂದ ಹನೀನೂ ಹಾಕಬ್ಯಾಡ! ಅದರಿಂದನ ಬಿದ್ದಾಳ. ಬಾಳೆಹಣ್ಣ ಐತೇನು ಮನ್ಯಾಗ?"

"ಐತ್ರಿ, ಗೊನಿನ ಐತಿ. ನಿಮ್ಮ ನೀಲಾ ಈಗ ಎರಡು ತಿಂದ್ಲು..."

ಮಹಾನಂದಾ ಕಣ್ಣು ಮುಚ್ಚಿ ತೆರೆದಳು. "ಹಣ್ಣ ಕಿವಿಚಿ ಒಸಡಿಗೆ ಹಚ್ಚು. ಒಳಗ ತುರುಕಬ್ಯಾಡ, ಗಂಟಲಿಗೆ ಸಿಗತೈತಿ. ಕೂಸನ್ನ ಒಂದ ಬಗಲಿಗೆ ಹೊಳ್ಳಿಸು."

"ಹಲ್ಲ ಗಿಟಕಸಕೊಂಡಾಳ್ರಿ ಅಕ್ಕಾರ. ಕೈಕಾಲು ಜಗ್ಗಾಕತ್ತಾವ."

ಮೂವತ್ತಾರು. ಮೂವತ್ತೊಂದು. ಮೊದಲ ಲೋಟದ ಸವಿಕಣವೇ ಇನ್ನೂ ಕರುಳನ್ನು ಹಿಡಿದು ಕುಳಿತಿತ್ತು, ಅದರ ಮೇಲೆ ಎರಡನೆಯದು. ಒಸಡಿಗೆ ಹಚ್ಚಿದ ಹಣ್ಣು ರಕ್ತ ಸೇರುವುದು ಯಾವಾಗ? ಮಹಾನಂದಾಳ ಬಲಗೈ ಎಚ್ಚರಿಕೆಯ ಪುಟ ತೆರೆಯಿತು. ಬೆಲ್ಲದ ನೀರು ಬೇಡ. ತಲೆ ತಿರುಗಿದವರಿಗೆ ಸಿಹಿ ಕೊಡಬೇಡಿ, ಬಾಳೆಹಣ್ಣು ಕೊಡಿ, ಗಂಜಿ ಕೊಡಿ. ಮೂರು ಸಾಲು ಬರೆಯಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಅಂಗಡಿಯವರು ಬಾಗಿಲಲ್ಲಿ ಬಂದು ನಿಂತಿದ್ದರು. ಅವರತ್ತ ತಿರುಗದೆ ಅವಳು ಗುಂಡಿ ಒತ್ತಿದಳು.

ಎಚ್ಚರಿಕೆ ನಲವತ್ತು ಸಾವಿರ ಮುಂಗೈಗಳಿಗೆ ಹೋಯಿತು. ಇಂಚರಾಳ ಮುಂಗೈಗೂ ಹೋಯಿತು. ತಾನು ಬರೆದ ಸಾಲುಗಳನ್ನು ಆ ಮಗುವಿನ ಪಟ್ಟಿ ಗಟ್ಟಿಯಾಗಿ, ಸ್ಪಷ್ಟವಾಗಿ ಓದುವುದು ಮಹಾನಂದಾಳಿಗೆ ಕೇಳಿಸಿತು. ಓದಿ ಮುಗಿಯುವಾಗ ಗೆರೆ ಇಪ್ಪತ್ತೆರಡರಲ್ಲಿತ್ತು. ಆಮೇಲೆ ನಾಡಿಯ ಗೆರೆಯೂ ಅದರ ಜೊತೆ ನೆಟ್ಟಗಾಯಿತು. ಗಾಡಿ ಇನ್ನೂ ಸೇತುವೆಯ ಮೇಲಿತ್ತು.

ಭಾನುವಾರ ರೂಢಿ ಬಿಡದೆ ಬೆಲ್ಲದ ನೀರು ಕುಡಿದ ಮೂರು ಜನ ಬಿದ್ದರು. ಮೂವರಿಗೂ ಮನೆಯವರು ಬಾಳೆಹಣ್ಣು ತಿನ್ನಿಸಿದರು, ಮೂವರೂ ಎದ್ದು ಕುಳಿತರು. ಸೋಮವಾರದ ಹೊತ್ತಿಗೆ ವ್ಯಾಪಾರಿಗಳು ಬೆಲ್ಲದ ಪೊಟ್ಟಣಗಳನ್ನು ಚರಂಡಿಯ ಪಕ್ಕ ಒಟ್ಟಿದ್ದರು. ಲೆಕ್ಕ ಹನ್ನೊಂದಾಗಿತ್ತು, ಸಮಿತಿ ಫೈಲು ತೆಗೆದುಕೊಂಡಿತು. ಅವಳು ಅಪ್ಪಣೆಯಿಲ್ಲದೆ ಗುಂಡಿ ಒತ್ತಿದ್ದರ ಬಗ್ಗೆ ಡಾಕ್ಟರ್ ಅಂಗಡಿಯವರು ಒಂದು ಮಾತೂ ಕೇಳಲಿಲ್ಲ. ಆರು ವರ್ಷದಿಂದ ಮುಖ ತಿರುಗಿಸುತ್ತಿದ್ದವರು ಕೊಠಡಿಗೆ ಬಂದು ಅವಳ ಕೈ ಹಿಡಿದು, ನೀವು ಇದ್ದದ್ದಕ್ಕೆ ನಮ್ಮ ಮುದುಕ ಉಳಿದ ಎಂದರು. ಅವಳಿಗೆ ಆ ಕೈಗಳನ್ನು ಕೊಡವಿಕೊಂಡು ಓಡಬೇಕೆನಿಸಿತು.

ಕಸ್ತೂರಿಯ ಮನೆಗೆ ಅವಳು ಹೋದದ್ದು ಮೂರನೆಯ ದಿನ ಹತ್ತು ಗಂಟೆಗೆ, ಮಗಳನ್ನೂ ಅತ್ತೆಯನ್ನೂ ಕರೆದುಕೊಂಡು. ನೀಲಾ ಎರಡು ದಿನದಿಂದ ಮಾತು ಬಿಟ್ಟಿದ್ದಳು. ಮಗ್ಗ ನಿಂತಿತ್ತು. ಓಣಿಯ ಹೆಂಗಸರು ಗೋಡೆಗೆ ಒರಗಿ ಕುಳಿತಿದ್ದರು. ಕಸ್ತೂರಿ ನೀಲಾಳನ್ನು ನೋಡಿದ್ದೇ ಕೈ ಚಾಚಿ ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಬಹಳ ಹೊತ್ತು ಅವಳ ತಲೆ ನೇವರಿಸಿದಳು. ಆಮೇಲೆ, ಅತ್ತು ಅತ್ತು ಒಡೆದ ದನಿಯಲ್ಲಿ ಕೇಳಿದಳು:

"ಅಕ್ಕಾರ, ಎರಡ ದಿನದಿಂದ ಒಂದ ಮಾತು ತಲ್ಯಾಗ ಕುಂತೈತ್ರಿ. ಇಬ್ಬರೂ ಒಟ್ಟಿಗೆ ಬಂದ್ರು. ಇಬ್ಬರಿಗೂ ಲೋಟ ಹಿಡದೆ. ಎಂದೂ ಒಲ್ಲೆ ಅನದ ಹುಡುಗಿ ಅವತ್ತ ಒಲ್ಲೆ ಅಂತು. ಕಾಕೂ, ನನಗ ಬಾಳೆಹಣ್ಣ ಕೊಡು ಅಂತು. ಯಾಕ ಕೇಳ್ತು?"

ಮಹಾನಂದಾ ಎರಡು ದಿನದಿಂದ ಈ ಪ್ರಶ್ನೆಗೆ ಉತ್ತರ ಕೂಡಿಸುತ್ತಿದ್ದಳು. ಖಾತ್ರಿ ಇರಲಿಲ್ಲ, ಸಮಿತಿ ಹತ್ತು ಕೇಳಿತ್ತು, ಹಾಲಿನ ವಿಷಯದಲ್ಲಿ ಒಮ್ಮೆ ತಪ್ಪಿದ್ದೆ. ಎಲ್ಲವೂ ನಿಜ.

ನೀಲಾ ತಲೆಯೆತ್ತಲಿಲ್ಲ. ಕಸ್ತೂರಿಯ ಸೆರಗಿನೊಳಗಿನಿಂದಲೇ ಹೇಳಿದಳು: "ಅವ್ವ ಹೇಳಿದ್ಲು. ಇಂಚರಾಗ ಹೇಳ್ಲೇನು ಅಂತ ಕೇಳಿದ್ದೆ ನಾ. ಯಾರಿಗೂ ಹೇಳಬ್ಯಾಡ ಅಂದಿದ್ಲು. ಆಕಿ ಕುಡಿಯೂದನ್ನ ನೋಡಕೋತ ಕುಂತಿದ್ದೆ."

ಶಿವಲೀಲವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕಸ್ತೂರಿ ಕೂಗುತ್ತಾಳೆ, ಶಪಿಸುತ್ತಾಳೆ, ಎದ್ದು ಬಂದು ಹೊಡೆಯುತ್ತಾಳೆ ಎಂದು ಮಹಾನಂದಾ ಕಾದಳು. ಹೊಡೆದರೆ ಸಾಕು ಎಂದೂ ಅನಿಸಿತು. ಕಸ್ತೂರಿ ಹುಡುಗಿಯನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

"ಇದನ್ನ ಕೂಸಿನ ಮ್ಯಾಲ ಯಾಕ ಹೊರಿಸಿದ್ರಿ ಅಕ್ಕಾರ?" ಎಂದಳು.

ಮಹಾನಂದಾ ತಲೆ ತಗ್ಗಿಸಿ ಕುಳಿತಳು. ಹೊರಡುವ ಹೊತ್ತಾದಾಗ ಎದ್ದು ಮಗಳ ಕಡೆ ಕೈ ಚಾಚಿದಳು. ನೀಲಾ ಆ ಕೈಯನ್ನು ನೋಡಿದಳು, ಆಮೇಲೆ ಅಜ್ಜಿಯ ಕೈ ಹಿಡಿದುಕೊಂಡು ಮುಂದೆ ನಡೆದಳು.